ಗುಣ ಆಗಿ ಮನೆಗೆ ಬಂದ್ಮೇಲೆ ಮತ್ತೆ ಪಾಸಿಟಿವ್, ಏನ್ಮಾಡೋದು?

ಪ್ರಶ್ನೆ: ನಮಸ್ತೆ ಮೇಡಂ. ಅಮ್ಮಂಗೆ 62 ವರ್ಷ, ಕೊರೊನಾ ಆಗಿ 12 ದಿನ ಆಸ್ಪತ್ರೇಲಿದ್ರು, ನೆಗೆಟಿವ್ ಬಂತು ಅಂತ ಡಿಸ್ಚಾರ್ಜ್ ಮಾಡಿದ್ರು. ಮನೆಗೆ ಬಂದು ಮೂರು ವಾರ ಆಯ್ತು, ಜ್ವರ ಇಲ್ಲ ಕೆಮ್ಮಿಲ್ಲ, ಚೆನ್ನಾಗೇ ಓಡಾಡ್ಕೊಂಡಿದ್ರು. ಕಣ್ಣಿನ ಆಪರೇಷನ್‌ಗೆ ಮುಂಚೆ ಆರ್‌ಟಿಪಿಸಿಆರ್ ಮಾಡಿಸಿ ಅಂದ್ರು, ಮಾಡಿಸಿದ್ರೆ ಮತ್ತೆ ಪಾಸಿಟಿವ್! ಸಿಟಿ ವ್ಯಾಲ್ಯೂ 34 ಅಂತಿದೆ. ಈಗ ಅಮ್ಮ ರೂಮಿಂದ ಆಚೆ ಬರ್ತಿಲ್ಲ, ತಟ್ಟೆ ಹೊಸಿಲ ಹತ್ರ ಇಟ್ಟು ನಾವು ದೂರ ಹೋದ್ಮೇಲೇ ತಗೊಳ್ತಾರೆ, ಮಗಳು ಬಾಗಿಲಾಚೆ ನಿಂತು ಅಜ್ಜಿ ಅಜ್ಜಿ ಅಂತ ಅಳ್ತಾಳೆ. ನಮಗೂ ಹರಡುತ್ತಾ?

ಉತ್ತರ: ನೀವು ಬರೆದಿರೋದು ನೋಡಿದ್ರೆ ಹರಡೋ ಸಾಧ್ಯತೆ ತೀರಾ ಕಮ್ಮಿ. ನಾನು ಲ್ಯಾಬಲ್ಲಿ ದಿನಾ ಇದೇ ಟೆಸ್ಟ್ ನೋಡೋಳು, ಅದು ಹುಡುಕೋದು ವೈರಸ್ಸಿನ ಆರ್‌ಎನ್‌ಎ, ಅಂದ್ರೆ ಅದರ ವಂಶವಾಹಿಯ ಚೂರನ್ನ, ಆ ಚೂರು ಜೀವಂತ ವೈರಸ್ಸಿಂದ ಬಂತಾ ಸತ್ತಿದ್ದರಿಂದ ಬಂತಾ ಅಂತ ಮೆಷಿನ್‌ಗೆ ಗೊತ್ತಾಗಲ್ಲ. ಒಂದೊಂದು ಸುತ್ತಿಗೂ ಆ ಚೂರನ್ನ ಹೆಚ್ಚುಕಮ್ಮಿ ಎರಡರಷ್ಟು ಮಾಡ್ತಾ ಹೋಗುತ್ತೆ, ಎಷ್ಟನೇ ಸುತ್ತಲ್ಲಿ ಕಾಣಿಸ್ತು ಅನ್ನೋದೇ ಸಿಟಿ ವ್ಯಾಲ್ಯೂ, 34 ಸುತ್ತು ತಿರುಗಿಸಿದ್ಮೇಲೆ ಕಾಣಿಸ್ತು ಅಂದ್ರೆ ಸಿಕ್ಕಿದ್ದು ಚೂರುಪಾರು ಅಷ್ಟೇ. ಸೋಂಕಾಗಿದ್ದ ಹಳೇ ಜೀವಕೋಶಗಳು ನಿಧಾನಕ್ಕೆ ಉದುರ್ತಾ ಇರುತ್ವೆ, ಅದರ ಜೊತೆ ಇದೂ ಬರುತ್ತೆ, ಕೆಲವರಲ್ಲಿ ಮೂರು ತಿಂಗಳವರೆಗೂ.

2020ರ ಏಪ್ರಿಲಲ್ಲಿ ದಕ್ಷಿಣ ಕೊರಿಯಾದಲ್ಲೂ ಹೀಗೇ ಗಾಬರಿ ಆಗಿತ್ತು. ಆಮೇಲೆ ಅಲ್ಲಿನವರು ಮತ್ತೆ ಪಾಸಿಟಿವ್ ಆದ 285 ಜನರನ್ನ, ಅವರ ಸಂಪರ್ಕಕ್ಕೆ ಬಂದ 790 ಜನರನ್ನ ಹಿಂಬಾಲಿಸಿ ನೋಡಿದ್ರು, ಇವರಿಂದಲೇ ಹರಡ್ತು ಅನ್ನೋ ಒಂದು ಕೇಸೂ ಸಿಗ್ಲಿಲ್ಲ. 108 ಜನರ ಸ್ಯಾಂಪಲ್ ಇಟ್ಟು ವೈರಸ್ ಬೆಳೆಸೋಕೆ ನೋಡಿದ್ರು, ಒಂದರಲ್ಲೂ ಬೆಳೀಲಿಲ್ಲ.

ಪ್ರಶ್ನೆ: ಮಧ್ಯದಲ್ಲಿ ನೆಗೆಟಿವ್ ಯಾಕೆ ಬಂತು ಹಾಗಾದ್ರೆ? ಎರಡನೇ ಸಲ ಸೋಂಕು ಆಗೋದೇ ಇಲ್ವಾ?

ಉತ್ತರ: ಚೂರು ಕಮ್ಮಿ ಇದ್ದಾಗ ಒಂದಿನ ಕಡ್ಡಿಗೆ ಸಿಗುತ್ತೆ, ಇನ್ನೊಂದಿನ ಸಿಗಲ್ಲ, ಮೂಗಲ್ಲಿ ಎಷ್ಟು ಒಳಗೆ ಹಾಕಿ ತೆಗೆದ್ರು ಅನ್ನೋದರ ಮೇಲೂ ಇದೆ. ಎರಡನೇ ಸಲ ಆಗುತ್ತೆ, ಖಂಡಿತ ಆಗುತ್ತೆ. 2020ರ ಆಗಸ್ಟಲ್ಲಿ ಹಾಂಗ್‌ಕಾಂಗಲ್ಲಿ 33 ವರ್ಷದವರೊಬ್ಬರಿಗೆ ಮೊದಲನೇ ಸೋಂಕು ಆಗಿ ನಾಲ್ಕೂವರೆ ತಿಂಗಳಿಗೆ ಮತ್ತೆ ಪಾಸಿಟಿವ್ ಬಂದಾಗ ಎರಡೂ ವೈರಸ್ಸಿನ ಜೀನೋಮ್, ಅಂದ್ರೆ ಪೂರ್ತಿ ವಂಶವಾಹಿ ಹೋಲಿಸಿ ನೋಡಿದ್ರು, ಬೇರೆ ಬೇರೇನೇ ಇತ್ತು. ಅದಕ್ಕೇ ಹೇಳೋದು, ಹೊಸದಾಗಿ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಶುರುವಾದ್ರೆ ಹಳೇ ಚೂರು ಅಂತ ಸುಮ್ನಿರಬೇಡಿ, ತೋರಿಸಿ. ಕ್ಯಾನ್ಸರ್ ಚಿಕಿತ್ಸೆ ತಗೊಳ್ತಿರೋರು, ಕಿಡ್ನಿ ಕಸಿ ಆದೋರಲ್ಲಿ ಜೀವಂತ ವೈರಸ್ಸೇ ವಾರಗಟ್ಟಲೆ ಉಳಿಬಹುದು, ಅವರಿಗೆ ನಾನು ಹೇಳಿದ ಧೈರ್ಯ ಅನ್ವಯಿಸಲ್ಲ.

ಪ್ರಶ್ನೆ: ಅಮ್ಮಂಗೆ ಅಂಥದ್ದೇನಿಲ್ಲ ಮೇಡಂ, ಬಿಪಿ ಮಾತ್ರೆ ಬಿಟ್ರೆ. ನೆಗೆಟಿವ್ ಬರೋವರೆಗೂ ವಾರವಾರ ಟೆಸ್ಟ್ ಮಾಡಿಸ್ಲಾ?

ಉತ್ತರ: ಬೇಡ ದಯವಿಟ್ಟು, ಪ್ರತಿ ಸಲ ರಿಪೋರ್ಟ್ ಬರೋವರೆಗೂ ಅವರ ಜೀವ ಕೈಯಲ್ಲಿರುತ್ತೆ. ಮೊದಲು ಲಕ್ಷಣ ಶುರುವಾದ ತಾರೀಖು, ಡಿಸ್ಚಾರ್ಜ್ ಸಮ್ಮರಿ, ಎಲ್ಲಾ ರಿಪೋರ್ಟು ಒಟ್ಟಿಗೆ ತಗೊಂಡೋಗಿ ಕಣ್ಣಿನ ಡಾಕ್ಟ್ರಿಗೆ ತೋರಿಸಿ, ಆಪರೇಷನ್ ಯಾವಾಗ ಅಂತ ಅವರು ಹೇಳ್ತಾರೆ. ಅಮ್ಮನ್ನ ನೋಡಿಕೊಂಡ ಡಾಕ್ಟ್ರಿಗೆ ಇವತ್ತೇ ಒಂದು ಫೋನ್ ಮಾಡಿ ಇದನ್ನೆಲ್ಲ ಹೇಳಿ, ಅವರು ಹೂಂ ಅಂದ ತಕ್ಷಣ ಮೊಮ್ಮಗಳನ್ನ ಒಳಗೆ ಬಿಡಿ.