ಅವ್ವ ಹೋದ ಮೇಲೆ ತಮ್ಮನನ್ನು ಎಲ್ಲಿ ಇಡಬೇಕು? ಅನುಭವ ಇದ್ದವರು ಹೇಳಿ

ಕೇಳಿದ್ದು, ಆಳಂದ ಕಡೆಯಿಂದ

ಅವ್ವ ತೀರಿಕೊಂಡು ನಾಲ್ಕು ತಿಂಗಳಾಯಿತು. ತಮ್ಮನಿಗೆ 29 ವರ್ಷ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ, ಫಿಟ್ಸ್ ಕೂಡ ಇದೆ, ಮಾತ್ರೆ ನಡೆದಿದೆ. ಊಟ ತಾನೇ ಮಾಡುತ್ತಾನೆ, ಸ್ನಾನಕ್ಕೆ ಒಬ್ಬರು ಜೊತೆಗೆ ಬೇಕು. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಕಲಬುರಗಿಯಲ್ಲಿ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಎರಡು ಮನೆ ನೋಡಿ ಬಂದೆ. ಎರಡೂ ಸ್ವಚ್ಛ ಇದ್ದವು, ಚೆನ್ನಾಗಿಯೇ ಮಾತಾಡಿಸಿದರು. ಆದರೂ ಮನಸ್ಸು ಒಪ್ಪುತ್ತಿಲ್ಲ. ನಾವು ಬಿಟ್ಟು ಬಂದ ಮೇಲೆ ಒಳಗೆ ಹೇಗೆ ನೋಡಿಕೊಳ್ಳುತ್ತಾರೆ ಅಂತ ತಿಳಿಯುವುದು ಹೇಗೆ? ಇಟ್ಟವರು, ಇಟ್ಟು ವಾಪಸ್ ತಂದವರು ದಯವಿಟ್ಟು ಹೇಳಿ.

ಕಲಬುರಗಿಯಿಂದ, ಒಬ್ಬ ಅಕ್ಕ

ತಮ್ಮಾ, ಆರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಎಲ್ಲರ ಮನೆ ಬಾಗಿಲಿಗೆ ಹೋಗಿದ್ದೆ. ನಮ್ಮ ಅಣ್ಣನಿಗೆ ಡೌನ್ ಸಿಂಡ್ರೋಮ್, ಅಂದರೆ ಅವನಿಗೂ ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ, ಈಗ 44 ವರ್ಷ. ಮೊದಲು ಇಟ್ಟ ಕಡೆಯಿಂದ ಏಳೇ ತಿಂಗಳಿಗೆ ಕರೆದುಕೊಂಡು ಬಂದೆವು. ಯಾಕೆ ಅಂತ ಪೂರ್ತಿ ಹೇಳುತ್ತೇನೆ.

ಅಲ್ಲಿ ಯಾರೂ ಹೊಡೆಯುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಇತ್ತು. ನಾವು ತಿಂಗಳಿಗೊಂದು ಭಾನುವಾರ ಮೊದಲೇ ಫೋನ್ ಮಾಡಿ ಹತ್ತು ಗಂಟೆಗೆ ಹೋಗುತ್ತಿದ್ದೆವು, ಅವರು ಅವನಿಗೆ ತಲೆ ಬಾಚಿ ಇಸ್ತ್ರಿ ಅಂಗಿ ಹಾಕಿ ಕೂರಿಸಿರುತ್ತಿದ್ದರು. ಏಪ್ರಿಲ್‌ನಲ್ಲಿ ಒಂದು ದಿನ ಆ ಕಡೆ ಬೇರೆ ಕೆಲಸ ಇತ್ತು, ಹಾಗೇ ಸಂಜೆ ಆರೂವರೆಗೆ ಫೋನ್ ಮಾಡದೆ ಒಳಗೆ ಹೋದೆ. ಅಣ್ಣ ಗೋಡೆಗೆ ಆತುಕೊಂಡು ಕೂತಿದ್ದ. ಮೈಮೇಲೆ ಇನ್ಯಾರದ್ದೋ ಅಂಗಿ. ತುಟಿ ಒಣಗಿ ಒಡೆದಿದ್ದವು. ನನ್ನನ್ನು ನೋಡಿದ್ದೇ ತಡ, "ಮಂಬು, ಮಂಬು" ಅಂದ. ಮಂಬು ಅಂದರೆ ಅವನ ಭಾಷೆಯಲ್ಲಿ ನೀರು. ಚಿಕ್ಕಂದಿನಿಂದ ಹಾಗೇ ಅನ್ನುತ್ತಾನೆ. ಪಕ್ಕದಲ್ಲಿದ್ದ ಹುಡುಗ, "ಮಧ್ಯಾಹ್ನದಿಂದ ಇದನ್ನೇ ಅಂತಿದ್ದಾನೆ ಅಕ್ಕಾ, ಯಾರನ್ನೋ ಕರೀತಿದ್ದಾನೆ ಅನ್ಕೊಂಡೆ" ಅಂದ. ಆ ಹುಡುಗ ಕೆಲಸಕ್ಕೆ ಸೇರಿ ಹನ್ನೊಂದು ದಿನ ಆಗಿತ್ತು. ಕೆಟ್ಟವನಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ. ನಮ್ಮ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಅಣ್ಣ ಎರಡು ತಂಬಿಗೆ ನೀರು ಗಟಗಟ ಕುಡಿದ.

ಆಮೇಲೆ ವಿಚಾರಿಸಿದರೆ, ಅವನ ಮಾತು ಗೊತ್ತಿದ್ದ ಹಳೆಯ ಹುಡುಗ ಎರಡು ತಿಂಗಳ ಹಿಂದೆಯೇ ಬಿಟ್ಟು ಹೋಗಿದ್ದ. "ಸೋಮಾರಿ ಆಗಿದ್ದಾನೆ, ಬರೀ ಮಲಗ್ತಾನೆ" ಅಂತಲೂ ಅಲ್ಲಿ ಹೇಳುತ್ತಿದ್ದರು. ಮನೆಗೆ ತಂದು ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ತೊಂದರೆ, ಅದಕ್ಕೇ ಆ ಸುಸ್ತು. ಡೌನ್ ಇದ್ದವರಿಗೆ ಇದು ಜಾಸ್ತಿ, ವರ್ಷಕ್ಕೊಮ್ಮೆ ನೋಡಿಸಲೇಬೇಕು. ಅದು ನಮಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಹಾಗಾಗಿ ಎರಡನೇ ಮನೆ ಹುಡುಕುವಾಗ ಕಟ್ಟಡ ಹೇಗಿದೆ ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕೆಲಸದವರನ್ನೇ ಒಬ್ಬೊಬ್ಬರಾಗಿ ಮಾತಾಡಿಸಿ, ನೀವು ಬಂದು ಎಷ್ಟು ದಿನ ಆಯ್ತು ಅಂತ ಕೇಳಿದೆ. ಅಲ್ಲಿದ್ದ ಒಬ್ಬ ಹುಡುಗನನ್ನು ತೋರಿಸಿ, ಇವನಿಗೆ ಸಿಟ್ಟು ಬಂದರೆ ಏನು ಮಾಡುತ್ತೀರಿ ಅಂದೆ. ಅಡುಗೆ ಮಾಡುವ ಆಯಿ ತಟ್ಟನೆ, "ಅವ್ನಿಗೆ ಗದ್ದಲ ಆಗಲ್ಲ ಅಕ್ಕಾ, ಹಿತ್ತಲಕ್ಕೆ ಕರ್ಕೊಂಡು ಹೋಗಿ ಸುಮ್ನೆ ಕೂತ್ರೆ ಸಾಕು" ಅಂದಳು. ನಾನು ಅಲ್ಲೇ ತೀರ್ಮಾನ ಮಾಡಿದೆ. ಆರೇ ಜನ ಇರುವ ಮನೆ, ಹಳೆಯದು, ಬಣ್ಣ ಹೋಗಿದೆ. ಅಣ್ಣನ ಮಾತುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಿದ್ದೇನೆ. ಮಂಬು ಅಂದರೆ ನೀರು. ಕಿವಿ ಹಿಡಿದುಕೊಂಡರೆ ಹಲ್ಲು ನೋವು. ಪುಂಡಿ ಪಲ್ಯ ಇದ್ದ ದಿನ ಎರಡು ರೊಟ್ಟಿ ಜಾಸ್ತಿ. ಹೊಸಬರು ಬಂದರೆ ಮೊದಲು ಅದನ್ನು ಓದಿಸುತ್ತಾರೆ. ಈಗ ದಿನಾ ಸಂಜೆ ಜೋಳದ ಹಿಟ್ಟು ಜರಡಿ ಹಿಡಿಯುವುದು ಅಣ್ಣನ ಕೆಲಸ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಕರೆದುಕೊಂಡು ಹೋದರೆ, ಚರಗ ಚೆಲ್ಲಿ ಊಟ ಆದ ಮೇಲೆ ತನ್ನ ಚೀಲ ತಾನೇ ಹೆಗಲಿಗೆ ಹಾಕಿಕೊಂಡು "ಮನೆ" ಅನ್ನುತ್ತಾನೆ. ಆಯಿ ಇರುವ ಮನೆ.

ಬೀದರ್‌ನಿಂದ, ಇಂಥ ಕಡೆ ನಾಲ್ಕು ವರ್ಷ ಕೆಲಸ ಮಾಡಿದವನು

ಅಕ್ಕ ಹೇಳಿದ್ದು ಖರೆ. ನಾನು ರಾತ್ರಿ ಪಾಳಿ ಮಾಡಿದವನು, ಅದಕ್ಕೆ ರಾತ್ರಿ ಬಗ್ಗೆ ಹೇಳುತ್ತೇನೆ. ಹದಿನೆಂಟು ಜನಕ್ಕೆ ನಾನೊಬ್ಬನೇ ಇದ್ದೆ. ಇಬ್ಬರಿಗೆ ಒಟ್ಟಿಗೆ ಹೊಟ್ಟೆ ಕೆಟ್ಟರೆ ಉಳಿದವರನ್ನು ನೋಡುವವರಿಲ್ಲ. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ಕೇಳಿ. ಮಲಗುವವರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಿಮ್ಮ ತಮ್ಮನಿಗೆ ಫಿಟ್ಸ್ ಇದೆ ಅಂದಿರಿ. ಬಂದಾಗ ಏನು ಮಾಡುತ್ತೀರಿ ಅಂತ ಅಲ್ಲಿಯವರನ್ನೇ ಕೇಳಿ. ಪಕ್ಕಕ್ಕೆ ಹೊರಳಿಸಿ ಮಲಗಿಸುತ್ತೇವೆ, ಬಾಯಿಗೆ ಏನೂ ಹಾಕುವುದಿಲ್ಲ, ಗಡಿಯಾರ ನೋಡುತ್ತೇವೆ, ಐದು ನಿಮಿಷ ದಾಟಿದರೆ ದವಾಖಾನೆಗೆ ಒಯ್ಯುತ್ತೇವೆ ಅಂದರೆ ಅವರಿಗೆ ಗೊತ್ತಿದೆ. ಕೈಗೆ ಕಬ್ಬಿಣ, ಕೀಲಿಕೈ ಕೊಡುತ್ತೇವೆ ಅಂದರೆ ಎದ್ದು ಬನ್ನಿ. ಮಾತ್ರೆ ಕೊಟ್ಟ ರಿಜಿಸ್ಟರ್ ತೋರಿಸಿ ಅನ್ನಿ. ತಿಂಗಳಿಡೀ ಒಂದೇ ಪೆನ್ನು, ಒಂದೇ ಸಹಿ ಇದ್ದರೆ ಒಂದೇ ದಿನ ಕೂತು ತುಂಬಿರಬಹುದು, ನಾನು ಕಣ್ಣಾರೆ ನೋಡಿದ್ದೇನೆ. ಫಿಟ್ಸ್ ಮಾತ್ರೆ ತಪ್ಪಿದರೆ ಮತ್ತೆ ಫಿಟ್ಸ್ ಬರುತ್ತದೆ, ಇದರಲ್ಲಿ ಸಡಿಲ ಬಿಡಬೇಡಿ. ಮಧ್ಯಾಹ್ನ ಹೋದಾಗ ಎಲ್ಲರೂ ತೂಕಡಿಸುತ್ತಿದ್ದರೆ ಯಾವ ಮಾತ್ರೆ ಕೊಡುತ್ತಿದ್ದಾರೆ, ಯಾವ ಡಾಕ್ಟರ್ ಬರೆದದ್ದು ಅಂತಲೂ ಕೇಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಇಂಥ ಸಂಸ್ಥೆ ನಡೆಸಲು ನೋಂದಣಿ ಪ್ರಮಾಣಪತ್ರ ಇರಲೇಬೇಕು. ಅದನ್ನು ನೋಡಿ. ನೋಡಿಕೊಳ್ಳುವವರೇ ಬೇಕಂತ ಊಟ ನೀರು ಕೊಡದಿದ್ದರೆ ಅದೇ ಕಾಯ್ದೆಯ 92ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಇದೆ. ಇದನ್ನು ನನಗೆ ಕೆಲಸಕ್ಕೆ ಸೇರಿದ ದಿನ ಯಾರೂ ಹೇಳಲಿಲ್ಲ, ಹೇಳಬೇಕಿತ್ತು.

ಯಾದಗಿರಿಯಿಂದ, ಒಬ್ಬ ತಾಯಿ

ಅಣ್ಣಾರ, ಎರಡೇ ಮಾತು. 18 ವರ್ಷ ದಾಟಿದ ಮೇಲೆ ನಾವು ಹೆತ್ತವರೇ ಆದರೂ ಕಾನೂನಿನಲ್ಲಿ ತಾನಾಗೇ ಪಾಲಕರಾಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಡಿ ಪ್ರತಿ ಜಿಲ್ಲೆಗೆ ಒಂದು ಸ್ಥಳೀಯ ಸಮಿತಿ ಇರುತ್ತದೆ, ಡಿಸಿ ಸಾಹೇಬರು ಅದಕ್ಕೆ ಅಧ್ಯಕ್ಷರು. ಪಾಲಕತ್ವಕ್ಕೆ ಅಲ್ಲಿ ಅರ್ಜಿ ಹಾಕಿ. ಜೊತೆಗೆ ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯನ್ನೂ ಮಾಡಿಸಿ, ಚಿಕಿತ್ಸೆಗೆ ಒಂದು ಲಕ್ಷದವರೆಗೆ ಬರುತ್ತದೆ, ವರ್ಷ ವರ್ಷ ನವೀಕರಿಸುವುದನ್ನು ಮರೆಯಬೇಡಿ.

ಇನ್ನೊಂದು, ನಿಮ್ಮ ತಮ್ಮನನ್ನು ಯಾರಾದರೂ ಕೇಳಿದಿರಾ? ಅವನೂ ಅವ್ವನನ್ನು ಕಳೆದುಕೊಂಡಿದ್ದಾನೆ. ನಾಲ್ಕೇ ತಿಂಗಳಲ್ಲಿ ಮನೆಯೂ ಹೋಯಿತು ಅಂತ ಅವನಿಗೆ ಅನಿಸಬಾರದು. ಮೊದಲು ಒಂದು ಮಧ್ಯಾಹ್ನ ಬಿಡಿ, ಆಮೇಲೆ ಎರಡು ರಾತ್ರಿ. ವಾಪಸ್ ಬಂದಾಗ ಅವನ ಮುಖ ನೋಡಿ. ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು ಅನ್ನುವುದರಲ್ಲಿ ಅವನ ಮಾತೂ ಇದೆ, 2016ರ ಕಾಯ್ದೆಯೂ ಅದನ್ನು ಹೇಳುತ್ತದೆ.

ಕೇಳಿದವರು, ಐದು ದಿನದ ನಂತರ

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಏಳೂವರೆಗೆ ಫೋನ್ ಮಾಡದೆ ಎರಡೂ ಕಡೆ ಹೋದೆ, ತಮ್ಮನೂ ಜೊತೆಗಿದ್ದ. ಒಂದು ಕಡೆ ಅರ್ಧ ಗಂಟೆ ಗೇಟಿನಲ್ಲೇ ನಿಲ್ಲಿಸಿದರು, ಅದು ಬೇಡ. ಇನ್ನೊಂದು ಕಡೆ ಸೀದಾ ಒಳಗೆ ಬಿಟ್ಟರು, ಎಲ್ಲರೂ ಊಟಕ್ಕೆ ಕೂತಿದ್ದರು, ತಮ್ಮನಿಗೂ ತಟ್ಟೆ ಹಾಕಿದರು. ರೊಟ್ಟಿ ತಿಂದ. ಪಕ್ಕದವನ ಹೆಗಲ ಮೇಲೆ ಕೈ ಇಟ್ಟ. ಶನಿವಾರ ಒಂದು ಮಧ್ಯಾಹ್ನ ಬಿಟ್ಟು ನೋಡುತ್ತೇವೆ. ಪಾಲಕತ್ವದ ಅರ್ಜಿಗೆ ಡಿಸಿ ಕಚೇರಿಗೂ ಹೋಗುವವನಿದ್ದೇನೆ.

ನೋಟ್‌ಬುಕ್ ಶುರು ಮಾಡಿದ್ದೇವೆ. ನಾನು, ಹೆಂಡತಿ ಕೂತು ಇಲ್ಲಿಯವರೆಗೆ ಹದಿನಾಲ್ಕು ಮಾತು ಬರೆದಿದ್ದೇವೆ. ರಾತ್ರಿ ಮಲಗುವ ಮುಂಚೆ ದಿನಾ "ಗೀಗಾ" ಅನ್ನುತ್ತಾನೆ, ಬಾಗಿಲ ಕಡೆ ನೋಡುತ್ತಾನೆ. ಅದು ಏನು ಅಂತ ನಮಗಿಬ್ಬರಿಗೂ ಗೊತ್ತಿಲ್ಲ. ಅವ್ವನಿಗೆ ಗೊತ್ತಿತ್ತು. ಚಿಗವ್ವನಿಗೆ ಗೊತ್ತಿರಬಹುದು, ನಾಳೆ ಕೇಳುತ್ತೇನೆ.