ಪದ ಬೇಕು: ಎದೆಗೆ ಚೆಂಡು ಬಡಿದು ಗುಂಡಿಗೆ ನಿಂತರೆ ಏನನ್ನಬೇಕು?

ನಾಪೋಕ್ಲುವಿನಿಂದ:
ಶುಕ್ರವಾರದೊಳಗೆ ಒಂದು ಪದ ಬೇಕಿತ್ತು. ಹಾಕಿ ಮೈದಾನದಲ್ಲಿ ಶಾಕ್ ಕೊಡುವ ಯಂತ್ರದ ಪೆಟ್ಟಿಗೆ ಇಡುತ್ತಿದ್ದೇವೆ. ಪಕ್ಕದಲ್ಲಿ ಬೋರ್ಡು. ಡಾಕ್ಟರು ಹೇಳುವ ಹೆಸರು ಕಮೋಷಿಯೋ ಕಾರ್ಡಿಸ್, ಲ್ಯಾಟಿನ್. ಚೆಂಡೋ ಮೊಣಕೈಯೋ ಎದೆಗೆ ಬಡಿಯುತ್ತದೆ. ಗುಂಡಿಗೆಗೆ ಗಾಯವೇನೂ ಆಗಿರುವುದಿಲ್ಲ. ಆದರೆ ಬಡಿತದ ತಾಳ ತಪ್ಪಿ ಸುಮ್ನೆ ಅದುರತೊಡಗುತ್ತದೆ, ರಕ್ತ ಮುಂದೆ ಹೋಗುವುದಿಲ್ಲ.
ಹೋದ ವರ್ಷ ನಮ್ಮ ಹುಡುಗನೊಬ್ಬ ಹೀಗೇ ಚೆಂಡು ತಾಗಿ ಕುಸಿದ. ಒಬ್ಬರು ಬೆನ್ನು ತಟ್ಟಿದರು, ಇನ್ನೊಬ್ಬರು ಸೋಡಾ ಹಿಡಿದು ಓಡಿ ಬಂದರು. ಪುಣ್ಯಕ್ಕೆ ಉಸಿರು ಕಟ್ಟಿದ್ದಷ್ಟೇ, ತಾನೇ ಎದ್ದ. ಬೋರ್ಡಿನಲ್ಲಿ 'ಹೃದಯಾಘಾತ' ಅಂದರೆ ಸಾಕಲ್ವಾ?

ಮೈಸೂರಿನಿಂದ:
ಸಾಲದು. ಅದು ರಕ್ತನಾಳ ಕಟ್ಟಿಕೊಂಡಾಗಿನ ಮಾತು. ತಮಾಷೆ ನೋಡಿ, ಆಘಾತ ಅಂದರೆ ಹೊಡೆತ. ಹೊರಗಿನಿಂದ ಹೊಡೆತವೇ ಬೀಳದ ಕಾಯಿಲೆಗೆ ಆ ಪದ ಕೊಟ್ಟು ಕೂತಿದ್ದೇವೆ. ಈಗ ನಿಜವಾಗಿ ಹೊಡೆತ ಬಿದ್ದರೆ ಪದವಿಲ್ಲ! ಇಂಗ್ಲಿಷಿನ 'ಅಟ್ಯಾಕ್' ನೋಡಿ ಕಟ್ಟಿದ್ದಕ್ಕೆ ಇದು ಫಲ. 'ಹೃದಯಸ್ತಂಭನ' ಹಾಕಿ.

ಸೋಮವಾರಪೇಟೆಯಿಂದ:
ಸ್ತಂಭನಕ್ಕೆ ಕಾರಣ ನೂರಿರುತ್ತದೆ. 'ಎದೆಪೆಟ್ಟು' ಅನ್ನಿ, ಮುಗೀತು.

ಧಾರವಾಡದಿಂದ:
ಮುಗಿದಿಲ್ಲ. ಹಳಗನ್ನಡದ ಪಕಾರ ಹಕಾರವಾಯಿತು. ಪಾಲ್ ಹಾಲಾಯಿತು. ನಿಮ್ಮ ಕೊಡವರ ಸುಗ್ಗಿಹಬ್ಬ ಪುತ್ತರಿಯೇ ಕನ್ನಡದಲ್ಲಿ ಹುತ್ತರಿ. ಪೆಟ್ಟು ಮಾತ್ರ ಯಾಕೆ ಪೆಟ್ಟಾಗಿಯೇ ಉಳಿಯಿತು? ಅದನ್ನು ಮೊದಲು ನೋಡಬೇಕು. ಜೊತೆಗೆ ಹೃದಯ ಎರವಲು, ಸ್ತಂಭನ ಎರವಲು. ಗುಂಡಿಗೆ ನಮ್ಮದು. 'ಗುಂಡಿಗೆನಡುಕ' ಅನ್ನಲು ಏನು ಅಡ್ಡಿ?

ಸೋಮವಾರಪೇಟೆಯಿಂದ:
ಅಡ್ಡಿ ಇದೆ. ಗುಂಡಿಗೆ ನಡುಗಿತು ಅಂದರೆ ಹೆದರಿದ ಅಂತ. ಹುಡುಗ ಎದೆಗುಂದಿದ್ದಾನೆ ಅಂದುಕೊಂಡು ಜನ ಚಪ್ಪಾಳೆ ತಟ್ಟಿ ಹುರಿದುಂಬಿಸುತ್ತಾರೆ, ಅಷ್ಟರಲ್ಲಿ ಅವನ ಕಥೆ ಮುಗಿದಿರುತ್ತದೆ. ಇನ್ನು ಎರವಲಿನ ಮಾತು. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ ಶುರು ಮಾಡಿದರು. 'ಹಾಕಿ'ಗೆ ಅಚ್ಚಗನ್ನಡ ಸಿಗಲಿ ಅಂತ ಯಾರಾದರೂ ಕಾದರಾ? ಗೋಲು, ಪೆನಾಲ್ಟಿ ಕಾರ್ನರ್ ಎಲ್ಲ ನಮ್ಮ ಅಜ್ಜಿಯಂದಿರ ಬಾಯಲ್ಲೂ ಇದೆ.

ಧಾರವಾಡದಿಂದ:
ಹಾಗಿದ್ದರೆ ಲ್ಯಾಟಿನ್ನನ್ನೇ ಬರೆದುಕೊಳ್ಳಿ. ನಮ್ಮನ್ನು ಯಾಕೆ ಕೇಳಿದಿರಿ?

ಮಡಿಕೇರಿಯಿಂದ:
ಆಸ್ಪತ್ರೆ ಕೆಲಸದವಳು ನಾನು, ವ್ಯಾಕರಣ ಗೊತ್ತಿಲ್ಲ. ಇಲ್ಲಿ ಪೆಟ್ಟಿನ ಜೋರಿಗಿಂತ ಪೆಟ್ಟು ಬಿದ್ದ ಹೊತ್ತು ಮುಖ್ಯ. ಒಂದು ಬಡಿತ ಮುಗಿದು ಗುಂಡಿಗೆ ಮುಂದಿನದಕ್ಕೆ ಸಜ್ಜಾಗುವಾಗ ಒಂದು ಸಣ್ಣ ಸಂದಿ ಇರುತ್ತದೆ, ಸೆಕೆಂಡಿನ ನೂರರಲ್ಲಿ ಎರಡು ಮೂರು ಪಾಲು. ಪೆಟ್ಟು ಅಲ್ಲೇ ಬಿದ್ದರೆ ತಾಳ ಕೆಡುತ್ತದೆ. ಮಿಕ್ಕ ಹೊತ್ತಿನಲ್ಲಿ ಅದೇ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ನೋವಷ್ಟೇ. 'ತಾಳಗೇಡು' ಅನ್ನಬಹುದಾ? ಅಂದ ಹಾಗೆ, 'ತಾನೇ ಎದ್ದ' ಅಂತ ನಿರಾಳ ಆಗಬೇಡಿ. 2023ರ ಜನವರಿ 2ರಂದು ಅಮೆರಿಕದ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಕೂಡ ಪೆಟ್ಟು ತಿಂದು ಎದ್ದು ನಿಂತ, ಆಮೇಲೆ ಬಿದ್ದ. ಮೈದಾನದಲ್ಲೇ ಎದೆ ಒತ್ತಿ, ಶಾಕ್ ಕೊಟ್ಟರು. ಬದುಕಿದ, ಮತ್ತೆ ಆಡಿದ.

ನಾಪೋಕ್ಲುವಿನಿಂದ:
'ತಾಳಗೇಡು' ನನಗೆ ಹಿಡಿಸಿತು. ಪೇಂಟರ್ ಓದಿ, "ಡೋಲು ಬಾರಿಸೋರಿಗಾ ಸಾರ್?" ಅಂದ. ಕೊನೆಗೆ ಹೆಸರನ್ನೇ ಬಿಟ್ಟೆವು. ಹೀಗೆ ಬರೆಸಿದ್ದೇವೆ: "ಎದೆಗೆ ಪೆಟ್ಟು ಬಿದ್ದು ಕುಸಿದರೆ, ಕೂಗಿದರೂ ಅಲುಗಾಡದಿದ್ದರೆ, ಸೋಡಾ ಬೇಡ. 108ಕ್ಕೆ ಫೋನ್ ಮಾಡಿಸಿ. ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತುತ್ತಿರಿ. ಈ ಪೆಟ್ಟಿಗೆ ತೆರೆಯಿರಿ." ಎಲ್ಲರಿಗೂ ಥ್ಯಾಂಕ್ಸ್.

ಧಾರವಾಡದಿಂದ:
ಪೆಟ್ಟಿಗೆ ಅಂದಿರಲ್ಲ. ಅದು ಸಂಸ್ಕೃತದ ಪೇಟಿಕಾದಿಂದ ಬಂತು ಅನ್ನುವವರಿದ್ದಾರೆ. ಇಲ್ಲಿಂದಲೇ ಅಲ್ಲಿಗೆ ಹೋಗಿರಬಹುದು ಅಂತ ನನ್ನ ಅನಿಸಿಕೆ. ನಾಳೆ ಬೇರೆ ಎಳೆಯಲ್ಲಿ ಬರೆಯುತ್ತೇನೆ.