ಕಣ್ಣು ಸರಿಹೋದ ಮೇಲೂ ಎಂಆರ್‌ಐ ಯಾಕೆ?

ಪ್ರಶ್ನೆ (ಮಂಡ್ಯ): ನಮಸ್ಕಾರ ಡಾಕ್ಟ್ರೇ. ನನ್ನ ತಂಗಿಗೆ 27 ವರ್ಷ. ಯುಗಾದಿ ಹೊತ್ತಿಗೆ ಎಡಗಣ್ಣು ಮಂಜಾಯಿತು, ಕಣ್ಣು ಹೊರಳಿಸಿದರೆ ನೋವು. ಸ್ಟೀರಾಯ್ಡ್ ಡ್ರಿಪ್ ಕೊಟ್ಟ ಮೇಲೆ ಸರಿಹೋಯಿತು. ಎಂಆರ್‌ಐನಲ್ಲಿ ಮಿದುಳಲ್ಲಿ ಬಿಳಿ ಚುಕ್ಕೆ ಇವೆ, ಎಂ.ಎಸ್. (ಮಲ್ಟಿಪಲ್ ಸ್ಕ್ಲೆರೋಸಿಸ್) ಎಂಬ ನರದ ಕಾಯಿಲೆ ಇರಬಹುದು ಅಂದರು. ಈಗ ಮೈಸೂರಿಗೆ ಬಂದು ಇನ್ನೊಂದು ಸ್ಕ್ಯಾನ್ ಮಾಡಿಸಬೇಕಂತೆ. ಆರಾಮಾಗಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಸುಮ್ನೆ ದುಡ್ಡು ದಂಡ ಅಲ್ವಾ?

ಉತ್ತರ (ನರರೋಗ ತಜ್ಞರು, ಮೈಸೂರು): ದಂಡ ಅಲ್ಲಮ್ಮ, ಮಾಡಿಸಿ. ಎಂ.ಎಸ್.ನಲ್ಲಿ ದೇಹದ ರಕ್ಷಣಾ ಕಣಗಳೇ ನರದ ಮೇಲಿನ ಮೈಲಿನ್ ಹೊದಿಕೆಯನ್ನು ಕೆಡಿಸುತ್ತವೆ. ಹಾಗೆ ಆದ ಗಾಯಗಳೇ ಸ್ಕ್ಯಾನ್‌ನಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತವೆ. 1868ರಲ್ಲಿ ಪ್ಯಾರಿಸ್‌ನ ವೈದ್ಯ ಶಾರ್ಕೋ ಈ ಗಾಯಗಳನ್ನು ವಿವರಿಸಿದ್ದು ಸತ್ತವರ ಮಿದುಳು ಕೊಯ್ದು ನೋಡಿ. ಬದುಕಿರುವವರಲ್ಲಿ ಅವು ಸ್ಪಷ್ಟವಾಗಿ ಕಂಡದ್ದು 1981ರಲ್ಲಿ, ಲಂಡನ್‌ನ ಎಂಆರ್‌ಐನಲ್ಲಿ. ಸಿ.ಟಿ.ಯಲ್ಲಿ ಕಾಣದ ಎಷ್ಟೋ ಚುಕ್ಕೆ ಅದರಲ್ಲಿ ಕಂಡವು.

ಆಮೇಲೆ ಒಬ್ಬರಿಗೇ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದಾಗ ದೊಡ್ಡ ವಿಷಯ ತಿಳಿಯಿತು. ಆರಾಮಾಗಿದ್ದೇನೆ ಅನ್ನುವ ತಿಂಗಳುಗಳಲ್ಲೂ ಒಳಗೆ ಹೊಸ ಚುಕ್ಕೆ ಏಳುತ್ತಿರುತ್ತವೆ. ಅಲ್ಲಿಯವರೆಗೆ ಇದು ಬಂದು ಹೋಗುವ ಕಾಯಿಲೆ ಎಂಬ ಭಾವನೆ ಜಾಸ್ತಿ ಇತ್ತು. ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಟ್ಟರೆ ಈಗ ಉರಿಯೂತ ಇರುವ ಚುಕ್ಕೆ ಹೊಳೆಯುತ್ತದೆ, ಹಳೆಯದು ಹೊಳೆಯುವುದಿಲ್ಲ.

ಮೊದಲು ಎಂ.ಎಸ್. ಎಂದು ಖಚಿತವಾಗಿ ಹೇಳಲು ಸಾಮಾನ್ಯವಾಗಿ ಎರಡನೇ ಅಟ್ಯಾಕ್ ಬರುವವರೆಗೆ ಕಾಯಬೇಕಿತ್ತು. 2001ರ ಮೆಕ್‌ಡೊನಾಲ್ಡ್ ಮಾನದಂಡದಿಂದ (ಎಂ.ಎಸ್. ಗುರುತಿಸಲು ವೈದ್ಯರು ಬಳಸುವ ನಿಯಮಗಳು) ಸ್ಕ್ಯಾನ್‌ನಲ್ಲಿ ಕಂಡ ಹೊಸ ಚುಕ್ಕೆಯೂ ಲೆಕ್ಕಕ್ಕೆ ಬಂತು. ಹಾಗಾಗಿ ಔಷಧ ಬೇಗ ಶುರುಮಾಡಬಹುದು. ಕಾದು ಕೂತು ಇನ್ನೊಂದು ಕಣ್ಣಿಗೋ ಕಾಲಿಗೋ ಪೆಟ್ಟು ಬೀಳಿಸಿಕೊಳ್ಳುವುದು ಯಾಕೆ?

ಒಂದು ರಕ್ತ ಪರೀಕ್ಷೆ ಆಗಿದೆಯೇ ಕೇಳಿ: ಅಕ್ವಾಪೊರಿನ್-4 ಆ್ಯಂಟಿಬಾಡಿ. ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ) ಎಂಬ ಬೇರೆ ಕಾಯಿಲೆಯಲ್ಲೂ ಕಣ್ಣು ಹೀಗೇ ಮಂಜಾಗುತ್ತದೆ, ಅದನ್ನು ಪತ್ತೆ ಮಾಡಲು ಈ ಪರೀಕ್ಷೆ. ಎಂ.ಎಸ್.ನ ಕೆಲವು ಔಷಧ ಕೊಟ್ಟರೆ ಆ ಕಾಯಿಲೆ ಉಲ್ಬಣಿಸಬಹುದು.

ಪ್ರಶ್ನೆ (ಮೈಸೂರು): ಸಾರ್, ನನಗೆ ಮೈಗ್ರೇನ್. ನನ್ನ ರಿಪೋರ್ಟಿನಲ್ಲೂ ಬಿಳಿ ಚುಕ್ಕೆ ಅಂತ ಇದೆ. ನನಗೂ ಎಂ.ಎಸ್. ಇರಬಹುದಾ?

ಉತ್ತರ: ಅಷ್ಟಕ್ಕೇ ಗಾಬರಿ ಬೇಡಿ. ಮೈಗ್ರೇನ್, ಬಿ.ಪಿ., ವಯಸ್ಸು, ಎಲ್ಲದಕ್ಕೂ ಚುಕ್ಕೆ ಬರುತ್ತವೆ. ಅವು ಎಲ್ಲಿವೆ, ಯಾವ ಆಕಾರದಲ್ಲಿವೆ ಎಂಬುದು ಮುಖ್ಯ. ಎಂ.ಎಸ್. ಚುಕ್ಕೆಗಳು ಹೆಚ್ಚಾಗಿ ಮಿದುಳಿನ ನೀರಿನ ಕೋಣೆಗಳ ಅಂಚಿನಲ್ಲಿ, ಬೆನ್ನುಹುರಿಯಲ್ಲಿ ಇರುತ್ತವೆ. ಒಳ್ಳೆಯ ಸ್ಕ್ಯಾನ್‌ನಲ್ಲಿ ಎಷ್ಟೋ ಚುಕ್ಕೆಗಳ ನಡುವೆ ಸಣ್ಣ ರಕ್ತನಾಳ ಕಾಣುತ್ತದೆ. ಚುಕ್ಕೆ ಜಾಸ್ತಿ ಇದ್ದರೆ ತೊಂದರೆಯೂ ಅಷ್ಟೇ ಜಾಸ್ತಿ ಎಂದೇನೂ ಇಲ್ಲ. ರಿಪೋರ್ಟ್ ಒಂದನ್ನೇ ಓದಿ ಯಾರೂ ಎಂ.ಎಸ್. ಎಂದು ಹೇಳಲಾರರು.

ಮಂಡ್ಯದವರಿಗೆ: ಬರುವಾಗ ಹಳೆಯ ಸ್ಕ್ಯಾನ್‌ನ ಸಿ.ಡಿ. ತನ್ನಿ. ಆದಷ್ಟೂ ಅದೇ ಮೆಷಿನ್‌ನಲ್ಲಿ ಮಾಡಿಸಿದರೆ ಹೋಲಿಸುವುದು ಸುಲಭ. ಗರ್ಭಿಣಿಯಾಗಿದ್ದರೆ ಅಥವಾ ಕಿಡ್ನಿ ತೊಂದರೆ ಇದ್ದರೆ ಇಂಜೆಕ್ಷನ್‌ಗೆ ಮೊದಲೇ ಹೇಳಲಿ.